ಪುಟದ ಹಿಂದಿನ ನೆರಳು

ಕಾಕನ ಬಲಗೈ ಹೆಬ್ಬೆರಳಿಗೆ ಉಗುರಿರಲಿಲ್ಲ. ಎಂದೋ ಒಂದು ವಾಲ್ವಿನ ಸಂದಿಗೆ ಸಿಕ್ಕಿ ಹೋದದ್ದು. ಆ ಬೋಳು ಬೆರಳನ್ನು ಇ-ರೀಡರಿನ ಪರದೆಯ ಮೇಲೆ ಎತ್ತಿ ಹಿಡಿದು, ಪುಟದ ಕೊನೆಯ ಸಾಲನ್ನು ಇನ್ನೊಮ್ಮೆ ಓದಿ, ಆಮೇಲೆ ಮೆಲ್ಲಗೆ ತಟ್ಟುತ್ತಿದ್ದರು. ನೋಡುತ್ತ ಕೂತ ನನಗೆ ಮೈಯೆಲ್ಲ ಉರಿಯುತ್ತಿತ್ತು. ಒಂದು ಪುಟ ತಿರುಗಿಸಲು ಇಷ್ಟು ಹೊತ್ತೇ?

ಅರಬರ ನಾಡಿನ ಅಬ್ಕೈಕ್ ದಾರಿಯ ಕಾರ್ಮಿಕರ ಕ್ಯಾಂಪಿನಲ್ಲಿ ನಾವಿಬ್ಬರೂ ಒಂದೇ ಕೋಣೆಯವರು. ಅವರು ಬಂಟ್ವಾಳ ಕಡೆಯ ಟೆಕ್ನಿಶಿಯನ್, ನಾನು ಉಡುಪಿಯವನು, ಸ್ಟೋರಿನ ಗುಮಾಸ್ತ. ಕಂಪನಿ ಬಾಗಿಲು ಹಾಕಿತ್ತು. ಅಲ್ಲಿರಲು ಬೇಕಾದ ಪರವಾನಗಿ, ನಮ್ಮ ಇಕಾಮಾದ ಅವಧಿ ಮುಗಿದಿದ್ದರಿಂದ ಗೇಟು ದಾಟಿದರೆ ಪೊಲೀಸರು ಹಿಡಿಯುವ ಭಯ, ಒಳಗಿದ್ದರೆ ಅದೇ ನಾಲ್ಕು ಗೋಡೆ. ಊರಿಗೆ ಹೋಗಲು ಫೈನಲ್ ಎಕ್ಸಿಟ್, ಅಂದರೆ ದೇಶ ಬಿಡುವ ಅನುಮತಿ ಬೇಕು. ಅದು ತಿಂಗಳಿಗೋ ಎರಡು ತಿಂಗಳಿಗೋ ಒಬ್ಬರಿಗೆ ಬರುತ್ತಿತ್ತು. ಜನರೇಟರ್ ಓಡುವುದು ಸಂಜೆ ಎರಡೇ ಗಂಟೆ. ಆಗ ಪ್ಲಗ್ಗಿನ ಮುಂದೆ ಮೊಬೈಲ್ ಹಿಡಿದವರ ಜಗಳವೋ ಜಗಳ. ಕಾಕ ಮಾತ್ರ ಅಪರೂಪಕ್ಕೆ ಆ ಕಡೆ ಹೋಗುತ್ತಿದ್ದರು.

“ಇದು ನಿಂತಲ್ಲಿ ಚಾರ್ಜ್ ಎಂತದೂ ತಿನ್ನುದಿಲ್ಲ ಮಾರಾಯ. ಒಳಗೆ ಕಪ್ಪು-ಬಿಳಿ ಪುಡಿ ಉಂಟು. ಪುಟ ತಿರುಗಿಸುವಾಗ ಕರೆಂಟು ಅದನ್ನು ಮೇಲೆ ಕೆಳಗೆ ತಳ್ತದೆ, ಅಷ್ಟೇ. ಮತ್ತೆ ಅದರಷ್ಟಕ್ಕೆ ಇರ್ತದೆ,” ಎನ್ನುತ್ತಿದ್ದರು. ಲೈಟು, ವೈಫೈ ಎರಡೂ ಬಂದ್. ಪುಟಪುಟಕ್ಕೂ ಪರದೆ ಒಮ್ಮೆ ಪೂರ್ತಿ ಕಪ್ಪಾಗಿ ಶುಚಿಯಾಗುವುದನ್ನೂ ನಿಲ್ಲಿಸಿಟ್ಟಿದ್ದರು, ಅದಕ್ಕೆ ಚಾರ್ಜ್ ಹೆಚ್ಚು ಬೇಕಂತೆ. ಹಾಗಾಗಿ ಹಿಂದಿನ ಪುಟದ ಮಸುಕು ನೆರಳು ಹೊಸ ಪುಟದಲ್ಲೂ ಉಳಿಯುತ್ತಿತ್ತು. ನಾನು ಗೊಣಗಿದರೆ, “ಶಾಲೆಯಲ್ಲಿ ಸ್ಲೇಟು ಒರೆಸಿದ್ದು ಮರ್ತೋಯ್ತಾ ನಿಂಗೆ?” ಎಂದು ನಗುತ್ತಿದ್ದರು.

ಊರಿನಿಂದ ಅವರ ತಾಯಿ, ಉಮ್ಮ, ಕಾಗದ ಬರೆಯುತ್ತಿದ್ದರು. ತಂಗಿ ಫೋಟೋ ತೆಗೆದು ಕಳಿಸುವಳು. ಮತ್ತೆ ಮತ್ತೆ ಓದಬೇಕೆಂದು ಕಾಕ ಅದನ್ನು ಮೊಬೈಲಿನಿಂದ ರೀಡರಿಗೆ ಹಾಕಿಕೊಳ್ಳುವರು. ಏನು ಸಮಾಚಾರ ಎಂದರೆ ಯಾವಾಗಲೂ ಒಂದೇ ಉತ್ತರ: “ಎಂತ ಇಲ್ಲ, ಉಮ್ಮ ಗಟ್ಟಿ ಇದ್ದಾರೆ.”

ಒಂದು ಮಧ್ಯಾಹ್ನ ಕಂಪನಿಯ ಮುದೀರ್, ನಮ್ಮ ಮ್ಯಾನೇಜರ್, ಬಂದ. ಒಬ್ಬರಿಗೆ ಎಕ್ಸಿಟ್ ಆಗುತ್ತದೆ, ನಾಳೆಯೇ ವಿಮಾನ. ಪಟ್ಟಿಯಲ್ಲಿ ಕಾಕನ ಹೆಸರು ಮೊದಲು, ನನ್ನದು ಅದರ ಕೆಳಗೆ. ಕಾಕ ನನ್ನನ್ನು ಮುಂದೆ ದೂಡಿ, ಇವನ ಹೆಂಡತಿಗೆ ದಿನ ತುಂಬಿದೆ, ಇವನೇ ಹೋಗಲಿ ಎಂದು ತಮ್ಮ ಹರಕುಮುರುಕು ಅರಬಿಯಲ್ಲಿ ಹೇಳಿದರು. ನಾನು ಅವರ ಮುಖ ನೋಡಿದೆ.

“ಎಂತ ನೋಡ್ತಿ? ಹೋಗಿ ಚೀಲ ಕಟ್ಟು. ನಂಗೆ ಎಂತ ಅವಸರ?”

ಅವರು ನಮಾಜಿಗೆ ಹೋದಾಗ ಖುಷಿಗೆ ಕೂತಲ್ಲಿ ಕೂರಲಾರದೆ ರೀಡರ್ ಎತ್ತಿಕೊಂಡೆ. ಯಾವುದೋ ಕಥೆಯ ಪುಟ. ಅದರ ಸಾಲುಗಳ ಹಿಂದೆ ದಪ್ಪ ಪೆನ್ನಿನ ಕೈಬರಹದ ನೆರಳಿತ್ತು. ಕಿಟಕಿಯ ಬೆಳಕಿಗೆ ಹಿಡಿದೆ. ‘ಇನ್ನು ಹೆಚ್ಚು ದಿನ ಇಲ್ಲ ಮಗಾ. ಒಮ್ಮೆ ಮುಖ ತೋರಿಸಿ ಹೋಗು.’

ಮುದೀರನ ಕಾರು ಇನ್ನೂ ಗೇಟಿನ ಹತ್ತಿರವೇ ಇತ್ತು. ಓಡಿಹೋಗಿ ಕಾಕನನ್ನೇ ಕಳಿಸಿ ಎಂದು ಹೇಳಬಹುದಿತ್ತು. ನಾನು ಸೆಟ್ಟಿಂಗಿಗೆ ಹೋಗಿ ಪರದೆ ಶುಚಿ ಮಾಡುವ ಗುಂಡಿ ಒತ್ತಿದೆ. ಒಮ್ಮೆ ಕಪ್ಪಾಯಿತು, ಒಮ್ಮೆ ಬಿಳಿಯಾಯಿತು, ಆಮೇಲೆ ಬರೀ ಕಥೆ ಉಳಿಯಿತು.

ಕಾಕ ಬಂದು ರೀಡರ್ ಎತ್ತಿಕೊಂಡರು. ಚೊಕ್ಕ ಪುಟವನ್ನು ನೋಡಿದರು, ನನ್ನನ್ನು ನೋಡಿದರು.

“ಸುಮ್ಮನೆ ಚಾರ್ಜ್ ಹಾಳು ಮಾಡಿದಿ,” ಎಂದಷ್ಟೇ ಹೇಳಿ ಓದತೊಡಗಿದರು. ಮರುದಿನ ನಾನು ಹೊರಟೆ.

ನನ್ನ ಮಗಳು ಹುಟ್ಟಿದ ವಾರದಲ್ಲೇ ಕಾಕನ ಉಮ್ಮ ತೀರಿಕೊಂಡರು. ಕಾಕ ಊರು ಸೇರಿದ್ದು ಆಮೇಲೆ ನಾಲ್ಕು ತಿಂಗಳಿಗೆ. ಬಂದವರೇ ಮಗುವಿಗೆ ಗಿಲಕಿ ತಂದು ಆಡಿಸಿ ಹೋದರು. ಕಾಗದದ ಮಾತು ಅವರು ಎತ್ತಲಿಲ್ಲ, ನನಗೆ ಧೈರ್ಯ ಬರಲಿಲ್ಲ. ಕಳೆದ ವರ್ಷ ಅವರೂ ಹೋದರು. ಹೆರಿಗೆ ಕೋಣೆಯ ಹೊರಗೆ ನಾನು ಮಗಳನ್ನು ಎತ್ತಿಕೊಂಡು ನಿಂತಿದ್ದ ಆ ದಿನ, ಬಂಟ್ವಾಳದ ಒಂದು ಮನೆಯಲ್ಲಿ ಒಬ್ಬ ತಾಯಿ ಬಾಗಿಲ ಕಡೆ ನೋಡುತ್ತ ಮಲಗಿದ್ದರು. ಅದು ನನಗೆ ಗೊತ್ತಿತ್ತು.