ಶಾಸನದ ಮೇಲೆ ಆಡಿದ ಬೆರಳು

ನಮ್ಮ ಸೀಮೆಯ ಕಾಲುವೆಗೆ ನೀರು ಬಿಟ್ಟ ಹೊಸದರಲ್ಲಿ ನಾನು ಲಿಂಗಸುಗೂರಿನ ಶಾಲೆಯೊಂದರಲ್ಲಿ ಮಾಸ್ತರನಾಗಿದ್ದೆ. ಒಂದು ಭಾನುವಾರ ನಾವು ನಾಲ್ವರು ಮಾಸ್ತರರು ಬಸ್ಸು ಹತ್ತಿ ಮಸ್ಕಿಗೆ ಹೋದೆವು. ಮೊದಲು ಅಶೋಕನ ಶಾಸನ ನೋಡುವುದು, ಆಮೇಲೆ ಗುಡ್ಡದ ಮಲ್ಲಯ್ಯನ ದರ್ಶನ. ನಮ್ಮಲ್ಲೊಬ್ಬರು ಊರ ಹೊರಗಿನ ಕೇರಿಯಿಂದ ಓದಿ ಬಂದವರು. ಆ ಹಳೆಯ ಲಿಪಿ ಬರುತ್ತಿದ್ದದ್ದು ಅವರೊಬ್ಬರಿಗೇ.

ಬಂಡೆಯ ಮುಂದೆ ನಾನು ಏನೂ ತಿಳಿಯದೆ ನಿಂತಾಗ ಅವರು ನನ್ನ ತೋರುಬೆರಳು ಹಿಡಿದು ಒಂದೊಂದೇ ಅಕ್ಷರದ ಮೇಲೆ ಆಡಿಸಿದರು.

"ಧರ್ಮದಾಗ ನಡದ್ರ ಸಣ್ಣಾವಗೂ ಸ್ವರ್ಗ ಸಿಗತೈತಿ, ಅದು ದೊಡ್ಡವರಿಗಷ್ಟೇ ಅಲ್ಲ ಅಂತ ಬರಸ್ಯಾನ್ರೀ."

ಎಲ್ಲರಿಗಿಂತ ಜೋರಾಗಿ ತಲೆದೂಗಿದವನು ನಾನು.

ಗುಡಿಯ ಮೆಟ್ಟಿಲ ಬಳಿ ಚಪ್ಪಲಿ ಬಿಡುವಾಗ ಬಾಯಿ ತೆರೆದವನೂ ನಾನೇ. "ನೀವು ಇಲ್ಲೇ ಕುಂದರ್ರಿ ಮಾಸ್ತರ. ಚಪ್ಪಲಿ ಕಾಯಾಕ ಒಬ್ರು ಬೇಕಲ್ರೀ."

ಅವರನ್ನು ಒಳಗೆ ಬರಬೇಡಿ ಎನ್ನಲು ಕಾಯ್ದೆ ಬಿಡುತ್ತಿರಲಿಲ್ಲ. ಅದಕ್ಕೇ ನನ್ನ ಹಾಳು ಬುದ್ಧಿಗೆ ಚಪ್ಪಲಿಯ ನೆಪ ಬೇಕಾಯಿತು. ಅವರು ಚಪ್ಪಲಿಗಳ ಪಕ್ಕ ಕುಳಿತರು. ಉಳಿದಿಬ್ಬರೂ ಮೆಟ್ಟಿಲು ಹತ್ತಿದರು.

ದರ್ಶನ ಮುಗಿಸಿ ಬಂದು ಅವರ ಅಂಗೈಗೆ ತೆಂಗಿನಕಾಯಿಯ ಒಂದು ಚೂರು ಹಾಕಿದೆ, ಕೈ ತಾಗದ ಹಾಗೆ ಗೇಣೆತ್ತರದಿಂದ. ಅವರು ಅದನ್ನು ತಿನ್ನಲಿಲ್ಲ. ನನ್ನ ಮುಖವನ್ನೇ ನೋಡುತ್ತ ಮೆಲ್ಲಗೆ ಕೇಳಿದರು:

"ಆ ಬೆರಳು ತೊಳಕೊಂಡ್ರೇನ್ರೀ ಮಾಸ್ತರ?"

ತೊಳೆದುಕೊಂಡಿದ್ದೆ. ಒಳಗೆ ಹೋಗುವ ಮುಂಚೆ, ಅವರ ಕಣ್ಣಿಗೆ ಬೀಳದ ಹಾಗೆ, ಗುಡಿಯ ಹಿಂದಿನ ಹೊಂಡದಲ್ಲಿ ಮಣ್ಣು ಹಚ್ಚಿ ತಿಕ್ಕಿದ್ದೆ.