ಕೊಂಡದ್ದು ಒಂದು ಟಗರು, ಬಂದದ್ದು ಇಡೀ ಹಿಂಡು

ಗೆಳೆಯರೇ, ಹಗ್ಗ ತರಚಿದ ಅಂಗೈ ಇನ್ನೂ ಉರಿಯುತ್ತಿದೆ, ಆದರೂ ಇದನ್ನು ಹೇಳದೆ ಇರಲಾರೆ.

ನಾಳೆ ಮದ್ದೂರಿನಿಂದ ಬೀಗರು ಊಟಕ್ಕೆ ಬರುತ್ತಾರೆ. ಸಂತೆಯ ಕುರಿ ಬೇಡ, ಬರೀ ಹುಲ್ಲು ಮೇದು ಬೆಳೆದದ್ದನ್ನು ಸಾಕಿದವರಿಂದಲೇ ತರೋಣವೆಂದು ಬೆಳಿಗ್ಗೆ ಮಳವಳ್ಳಿಯ ಹೊರಗೆ ಕುರಿ ಸಾಕುವ ಕೆಂಪಮ್ಮನ ಮನೆಗೆ ಹೋದೆ. ಎಲ್ಲಕ್ಕಿಂತ ದಪ್ಪನೆಯ ಟಗರನ್ನು ತೋರಿಸಿದೆ.

"ಅದ್ ಬ್ಯಾಡ ಕಣಣ್ಣ, ಇಂಡ್ನ ಮುಂದೆ ನಡ್ಯೋದು ಅದು," ಎಂದಳು.

"ನಂಗೆ ಅದೇ ಬೇಕು ಕಣವ್ವ."

"ಇಡ್ಕೊಂಡ್ ಓಗಿ. ಆಮ್ಯಾಕೆ ನನ್ನ ಬಯ್ಬ್ಯಾಡಿ."

ಹಗ್ಗ ಹಿಡಿದು ಪೇಟೆಗೆ ಬಂದರೆ ಜನವೆಲ್ಲ ನಗುತ್ತಿದ್ದಾರೆ. ತಿರುಗಿ ನೋಡಿದೆ. ಹಿಂಡಿಗೆ ಹಿಂಡೇ ನನ್ನ ಹಿಂದೆ! ಮೈಸೂರಿನ ಮೋಟಾರು ಬೀದಿಯ ನಡುವೆ ಸಿಕ್ಕಿಕೊಂಡಿತ್ತು.

"ಯಾವನ್ಲಾ ಅವ್ನು, ಓಡ್ಸ್ಲಾ ನಿನ್ ಕುರಿಯಾ!" ಎಂದು ಡ್ರೈವರು ಕಿರುಚಿದ. ನಾನು ಓಡಿಸಿದಷ್ಟೂ ಅವು ನನ್ನನ್ನೇ ಮುತ್ತಿದವು.

ಅಷ್ಟರಲ್ಲಿ ಬೀದಿಯ ತುದಿಯಲ್ಲಿ ಕೆಂಪಮ್ಮ ಕಾಣಿಸಿಕೊಂಡು ಒಂದೇ ಒಂದು ಸಲ ಕೂಗಿದಳು. ಗಂಟಲಿನ ಆಳದಿಂದ ಎದ್ದ ಉದ್ದನೆಯ ಕೂಗು. ಕುರಿಗಳ ಕಿವಿಗಳೆಲ್ಲ ಒಟ್ಟಿಗೆ ತಿರುಗಿದವು. ತೂಬು ತೆಗೆದ ನಾಲೆಯ ನೀರಿನ ಹಾಗೆ ಇಡೀ ಹಿಂಡು ಅವಳತ್ತ ಹರಿಯಿತು. ನಾನು ಕೊಂಡ ಟಗರೂ ಹಗ್ಗ ಕಿತ್ತುಕೊಂಡು ಓಡಿತು. ಡ್ರೈವರು ಕೆಳಗಿಳಿದು ಅವಳಿಗೆ ಕೈಮುಗಿದ.

"ನಾಳೆ ಒತ್ತಾರೆಗೆ ಬ್ಯಾರೆ ಟಗರು ಕುಯ್ದು ನಾವೇ ತಂದ್ಕೊಡ್ತೀವಿ ಬುಡಣ್ಣ," ಎಂದಳು.

ನಮ್ಮ ಮನೆಯಲ್ಲಿ ಒಂದು ಲೋಟ ನೀರಿಗೆ ನಾನು ಎಷ್ಟು ಕೂಗಿದರೂ ಬೆಕ್ಕು ಕೂಡ ತಿರುಗಿ ನೋಡುವುದಿಲ್ಲ.