ಮೊಮ್ಮಗಳ ಎಡಗಣ್ಣು

ಗುಬ್ಬಿಯ ನಮ್ಮ ಬೀದಿಯಲ್ಲಿ ನನ್ನನ್ನು ಬಾಯಿಬಡುಕಿ ಅನ್ನುತ್ತಾರೆ. ಅನ್ನಲಿ. ಬಾಣಂತನಕ್ಕೆ ಬಂದಿದ್ದ ಮಗಳು ಬಾಯಿ ಸತ್ತವಳು, ಅವಳ ಪಾಲಿನ ಮಾತನ್ನೂ ನಾನೇ ಆಡಬೇಕಿತ್ತು.

ಮೊಮ್ಮಗಳು ಹುಟ್ಟಿದಾಗ ಎಡ ರೆಪ್ಪೆಯ ಮೇಲೆ ಸೊಳ್ಳೆ ಕಚ್ಚಿದಷ್ಟು ಗುರುತಿತ್ತು. ದಿನಾ ನೀರು ಹಾಕುತ್ತಿದ್ದವಳು ನಾನೇ. ನೋಡನೋಡುತ್ತಿದ್ದಂತೆ ಅದು ಕೆಂಪಾಯಿತು, ಉಬ್ಬಿತು, ಎರಡನೇ ತಿಂಗಳಿಗೆ ದಾಳಿಂಬೆ ಕಾಳುಗಳನ್ನು ಒತ್ತಿ ಅಂಟಿಸಿದಂತೆ ಕಾಣತೊಡಗಿತು. ರೆಪ್ಪೆ ಭಾರವಾಗಿ ಕಣ್ಣು ಅರ್ಧ ಮುಚ್ಚಿಹೋಯಿತು.

ಕುಣಿಗಲ್‌ನಲ್ಲಿದ್ದ ಬೀಗಿತ್ತಿ, ಅಂದರೆ ಮಗಳ ಅತ್ತೆ, ವಿಡಿಯೊ ಕಾಲ್‌ನಲ್ಲಿ ದಿನಾ ಒಂದೇ ಪಾಠ ಒಪ್ಪಿಸುತ್ತಿದ್ದರು. "ಮಗೂದು ಬಲಗೆನ್ನೆ ಮಾತ್ರ ತೋರ್ಸಮ್ಮ. ಇಲ್ಲಿ ನೆಂಟ್ರು ಕೂತವ್ರೆ." ಕೆಟ್ಟವರೇನಲ್ಲ. ಅವರ ತಂಗಿಯ ಮಗನ ಬೆನ್ನಿನ ಮೇಲೆ ಇಂಥದ್ದೇ ಬಂದು ತಾನಾಗಿಯೇ ಹೋಗಿತ್ತಂತೆ. "ಹೋಗುತ್ತೆ ಬುಡಿ ಬೀಗ್ರೆ. ನಾಮಕರಣ ಮುಗೀಲಿ, ಆಮೇಲೆ ನೋಡಾಣ. ಮೂರು ತಿಂಗ್ಳು ತುಂಬ್ದೆ ಬಾಣಂತೀನ ಹೊಸ್ಲು ದಾಟ್ಸೋದುಂಟಾ?"

ದಾಟಿಸಿದೆ. ಮಗಳ ಕಿವಿಗೆ ಹತ್ತಿ ಇಟ್ಟು, ತಲೆಗೆ ಸ್ಕಾರ್ಫ್ ಕಟ್ಟಿ, ಕೂಸಿನ ಸಮೇತ ತುಮಕೂರಿಗೆ ಕರೆದುಕೊಂಡು ಹೋದೆ.

ಮಕ್ಕಳ ಡಾಕ್ಟರಮ್ಮ ಮೊದಲು ಕೇಳಿದ್ದು ಫೋಟೊ. "ಹುಟ್ದಾಗಿಂದ ಹೇಗೆ ಬೆಳೀತು ಅಂತ ನೋಡ್ಬೇಕು." ಫೋಟೊಗೇನು ಬರ? ಮೊಬೈಲ್ ತುಂಬ ಇದ್ದವು. ಎಲ್ಲದರಲ್ಲೂ ಬಲಗೆನ್ನೆ. ಮುಖ ಈ ಕಡೆ ತಿರುಗಿದ ಒಂದೆರಡರಲ್ಲಿ ರೆಪ್ಪೆಗೆ ಕಾಡಿಗೆ ಮೆತ್ತಿತ್ತು, ಇಲ್ಲವೇ ಫೋನೇ ಚರ್ಮವನ್ನೆಲ್ಲ ನುಣ್ಣಗೆ ಮಾಡಿಟ್ಟಿತ್ತು. ಎರಡು ತಿಂಗಳ ಕೂಸಿಗೆ ತನ್ನ ಪೂರ್ತಿ ಮುಖದ ಒಂದು ಫೋಟೊ ಇಲ್ಲ! ನನಗೆ ಮೈಯೆಲ್ಲ ಉರಿದುಹೋಯಿತು. ಕಂಡದ್ದನ್ನೆಲ್ಲ ಬಾಯಲ್ಲೇ ಹೇಳಿದೆ. ಅವರು ಮುಟ್ಟಿ ನೋಡಿ, ಸ್ಕ್ಯಾನ್ ಮಾಡಿಸಿ, ತಮ್ಮ ಫೈಲಿಗೆಂದು ಪೂರ್ತಿ ಮುಖದ ಮೊದಲ ಫೋಟೊ ತೆಗೆದುಕೊಂಡರು.

"ಹೆಮಾಂಜಿಯೋಮಾ ಅಮ್ಮ. ರಕ್ತನಾಳಗಳ ಗಂಟು. ಬೆನ್ನಲ್ಲಿದ್ರೆ ಕಾಯ್ಬೋದಿತ್ತು. ಕಣ್ಣು ಹೀಗೇ ಮುಚ್ಕೊಂಡಿದ್ರೆ ಅದು ನೋಡೋದನ್ನೇ ಕಲಿಯಲ್ಲ. ಗಂಟು ಕರಗಿದ್ರೂ ನೋಟ ಬರ್ದೇ ಹೋಗ್ಬೋದು."

ಔಷಧಿ ದೊಡ್ಡವರಿಗೆ ಬಿಪಿಗೆ ಕೊಡುವುದೇ. ಮಗುವಿನ ಹೃದಯ ಪರೀಕ್ಷಿಸಿ, ಮೊದಲ ಸಲ ಅಲ್ಲೇ ಇರಿಸಿಕೊಂಡು ಕೊಟ್ಟರು. ಹಾಲು ಕುಡಿಸಿಯೇ ಹಾಕಬೇಕು, ಕೂಸು ಹಾಲು ಕುಡಿಯದಿದ್ದರೆ ಅಥವಾ ವಾಂತಿಯಾದರೆ ಹಾಕದೆ ಫೋನ್ ಮಾಡಬೇಕು ಎಂದರು.

ಸುದ್ದಿ ಕೇಳಿ ಬೀಗಿತ್ತಿ ಕುಣಿಗಲ್‌ನಿಂದ ಬಂದೇಬಿಟ್ಟರು. "ಹಸುಗೂಸಿಗೆ ಬಿಪಿ ಔಷ್ಧಿನಾ? ನಿಮ್ಗೇನ್ ಬಂದಿದೆ ಬೀಗ್ರೆ? ತಾನಾಗೇ ಹೋಗೋ ಗುರ್ತಿಗೆ ಮಗು ಜೀವದ ಜೊತೆ ಆಟ ಆಡ್ತೀರಾ?"

"ಗುರ್ತು ಹೋಗುತ್ತೆ. ಜೊತೇಲಿ ಕಣ್ಣೂ ಹೋಗುತ್ತೆ. ನಿಮ್ಮನೆ ನಾಮಕರಣಕ್ಕೆ ಔಷ್ಧಿ ಬಂದ್ರೆ ಮಗು ಬರುತ್ತೆ. ಇಲ್ದಿದ್ರೆ ಹೆಸ್ರಿಲ್ದೆ ನಮ್ಮನೇಲೇ ಇರ್ಲಿ."

ಬಾಯಿ ತಪ್ಪಿ ಆಡಿದ್ದಲ್ಲ, ಬೇಕೆಂದೇ ಆಡಿದೆ. ಹೆದರಿಕೆ ನನಗೂ ಇತ್ತು. ಔಷಧಿ ಹಾಕಿದಾಗಲೆಲ್ಲ ಕೂಸಿನ ಎದೆಯ ಮೇಲೆ ಕೈಯಿಟ್ಟು ಕೂರುತ್ತಿದ್ದೆ. ಅದನ್ನು ಅವರಿಗೆ ತೋರಿಸಿಕೊಳ್ಳುವಷ್ಟು ದಡ್ಡಿ ನಾನಲ್ಲ.

ಕೊನೆಗೆ ಔಷಧಿಯ ಬಾಟಲಿಯೂ ನಾಮಕರಣಕ್ಕೆ ಹೋಯಿತು. ವಾರಗಳು ಕಳೆದಂತೆ ಕೆಂಪು ಮಾಸಿ, ಉಬ್ಬು ತಗ್ಗಿತು. ಮತ್ತೆ ತೋರಿಸಲು ತುಮಕೂರಿಗೆ ಹೋದಾಗ ಬೀಗಿತ್ತಿಯೂ ಜೊತೆಗಿದ್ದರು. ಡಾಕ್ಟರಮ್ಮ ಮಗುವಿನ ಬಲಗಣ್ಣನ್ನು ಅಂಗೈಯಲ್ಲಿ ಮುಚ್ಚಿ, ಎದುರಿಗೆ ಗೊಂಬೆ ಆಡಿಸಿದರು. ಕೂಸು ಗೊಂಬೆ ಬಿಟ್ಟು ಬೀಗಿತ್ತಿಯ ಮೂಗುತಿಯನ್ನು ನೋಡಿತು. ಅವರು ಪಕ್ಕಕ್ಕೆ ಸರಿದರೆ ಕಣ್ಣೂ ಅತ್ತಲೇ ಸರಿಯಿತು. ಗೆದ್ದೆ ಅನ್ನಿಸಿತು, ಸುಳ್ಳೇಕೆ. ಔಷಧಿ ಇನ್ನೂ ಕೆಲವು ತಿಂಗಳು ನಿಲ್ಲಿಸಬಾರದು ಎಂದರು ಡಾಕ್ಟರಮ್ಮ.

ಬಸ್ ಸ್ಟ್ಯಾಂಡಿನಲ್ಲಿ ಪಕ್ಕದ ಬೆಂಚಿನವರು ರೆಪ್ಪೆಯ ಮೇಲೆ ಉಳಿದ ಕಲೆಯನ್ನು ಬಗ್ಗಿ ಬಗ್ಗಿ ನೋಡತೊಡಗಿದರು. ಬೀಗಿತ್ತಿ ಸೆರಗು ಎಳೆದು ಮಗುವಿನ ಮುಖಕ್ಕೆ ಹಾಕಲು ಹೋದರು. ನಾನು ಬಾಯಿ ತೆರೆಯುವ ಮೊದಲೇ ಮಗಳು ಅವರ ಕೈ ಹಿಡಿದು ತಡೆದಳು.

"ಬಿಡಿ ಅತ್ತೆ. ನೋಡ್ಲಿ. ಇವ್ಳೂ ಅವ್ರನ್ನ ನೋಡ್ತಾಳೆ."